‘ಡೋಸ್ ಒಮ್ಮೆ ನೋಡ್ತೀರಾ ಸರ್?’ ಎಂದ ಫಾರ್ಮಸಿಸ್ಟ್

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

“ನಾನು ಹೇಳಿದ್ದನ್ನ ಅಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲ್ಲ. ಕೆಲಸ ಬಿಡ್ತೀನಿ.” ಹೀಗೆನ್ನುತ್ತಲೇ ನನ್ನ ಬಳಿ ಆಪ್ತಸಮಾಲೋಚನೆಗೆ ಬಂದು ಕೂತವರು ಆಸ್ಪತ್ರೆಯೊಂದರ ಕ್ಲಿನಿಕಲ್ ಫಾರ್ಮಸಿಸ್ಟ್, ಅಂದರೆ ವಾರ್ಡಿನ ರೋಗಿಗಳ ಔಷಧ, ಡೋಸ್ ಸರಿಯಿದೆಯೇ ಎಂದು ನೋಡುವವರು. ನಿದ್ದೆ ಕೆಟ್ಟಿತ್ತು. ವಾರ್ಡ್ ನೆನೆದರೆ ಹೊಟ್ಟೆ ತೊಳಸುತ್ತಿತ್ತು.

ನಡೆದದ್ದು ಇಷ್ಟು. ವಯಸ್ಸಾದ ರೋಗಿಯೊಬ್ಬರಿಗೆ ರಕ್ತ ಹೆಪ್ಪುಗಟ್ಟದಿರಲೆಂದು ಎನೋಕ್ಸಾಪರಿನ್ ಇಂಜೆಕ್ಷನ್ ಬರೆದಿದ್ದರು. ಈ ಔಷಧ ಹೊರಹೋಗುವುದು ಹೆಚ್ಚಾಗಿ ಕಿಡ್ನಿಯ ಮೂಲಕ. ಕಿಡ್ನಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ತೋರಿಸುವ ಅಳತೆ, ಕ್ರಿಯಾಟಿನಿನ್ ಕ್ಲಿಯರೆನ್ಸ್, ನಿಮಿಷಕ್ಕೆ 30 ಮಿಲಿಲೀಟರಿಗಿಂತ ಕೆಳಗಿಳಿದರೆ ಡೋಸ್ ತಗ್ಗಿಸಬೇಕು, ಇಲ್ಲದಿದ್ದರೆ ರಕ್ತಸ್ರಾವದ ಭಯ. ಈ ರೋಗಿಗೆ ಅದು 24 ಇತ್ತು. ಡೋಸ್ ಮಾತ್ರ ಮಾಮೂಲಿನದೇ. ಇವರು ಅದನ್ನು ಹಿಡಿದರು, ಫೈಲಿನಲ್ಲಿ ಬರೆದರು. ರೌಂಡ್ಸ್ ಹೊತ್ತಿಗೆ, “ಸರ್, ಆ ಡೋಸ್ ಒಮ್ಮೆ ನೋಡ್ತೀರಾ?” ಎಂದರು. ಡಾಕ್ಟರು “ನೋಡೋಣ” ಎಂದು ಮುಂದಿನ ಹಾಸಿಗೆಗೆ ಹೋದರು. ಸಂಜೆ ಸಿಸ್ಟರ್ ಹಳೇ ಡೋಸನ್ನೇ ಕೊಟ್ಟರು. ಮರುದಿನ ರೋಗಿಯ ಮೂಗಿನಲ್ಲಿ ರಕ್ತ. ಬೇಗ ನಿಂತಿತು, ಹೆಚ್ಚೇನೂ ಆಗಲಿಲ್ಲ. ಆದರೆ “ಫಾರ್ಮಸಿಯವರು ನೋಡ್ಕೋಬೇಕಿತ್ತು” ಎಂದು ಯಾರೋ ಅಂದದ್ದು ಇವರ ಕಿವಿಗೆ ಬಿತ್ತು.

ಮೊದಲ ಭೇಟಿಯಲ್ಲಿ ಮಾತೆಲ್ಲ ಮರ್ಯಾದೆಯದ್ದೇ. ಡಾಕ್ಟರಿಗೆ ಅಹಂಕಾರ, ಸಿಸ್ಟರಿಗೆ ಉದಾಸೀನ. ನಾನು ತಡೆಯಲಿಲ್ಲ. ಸಿಟ್ಟು ಇಳಿಯುವ ಮೊದಲು ಕೊಟ್ಟ ಸಲಹೆ ವ್ಯರ್ಥ.

ಆಮೇಲೆ ಕೇಳಿದೆ: “ಸಿಸ್ಟರಿಗೆ ಹೇಳಿದ್ರಾ?”

“ಫೈಲಲ್ಲಿ ಇತ್ತಲ್ವಾ?”

“ಇಂಜೆಕ್ಷನ್ ಕೊಡುವಾಗ ಅವರು ಫೈಲ್ ಪೂರ್ತಿ ಓದ್ತಾರಾ?”

ಸ್ವಲ್ಪ ಯೋಚಿಸಿ, “ಇಲ್ಲ, ಔಷಧದ ಚಾರ್ಟ್ ನೋಡ್ತಾರೆ” ಎಂದರು. ಇವರ ಟಿಪ್ಪಣಿ ಇದ್ದದ್ದು ಬೇರೆ ಪುಟದಲ್ಲಿ. ಡಾಕ್ಟರು ತಮ್ಮ ಪುಟ ಓದುತ್ತಾರೆ, ಸಿಸ್ಟರ್ ತಮ್ಮದು. ಸಿಸ್ಟರ್ ಮೇಲಿನ ಸಿಟ್ಟು ಅರ್ಧ ಇಳಿದದ್ದು ಆಗಲೇ.

ಇನ್ನು ಡಾಕ್ಟರಿಗೆ ಹೇಳಿದ ಮಾತು. “ಒಮ್ಮೆ ನೋಡ್ತೀರಾ” ಎನ್ನುವುದರಲ್ಲಿ ವಿನಯವಿದೆ, ಅಪಾಯದ ಸುಳಿವೇ ಇಲ್ಲ. ಅಮೆರಿಕದ ನೌಕಾಪಡೆಯಿಂದ ಆಸ್ಪತ್ರೆಗಳಿಗೆ ಬಂದ ‘ಎಸ್‌ಬಿಎಆರ್’ ಎಂಬ ಕ್ರಮವಿದೆ: ಈಗ ಏನಾಗಿದೆ, ಹಿನ್ನೆಲೆ ಏನು, ನನಗೇನು ಅನ್ನಿಸುತ್ತದೆ, ಏನಾಗಬೇಕು. ತರಬೇತಿಯಲ್ಲಿ ಇವರು ಕಲಿತದ್ದೇ. ಬಾಯಿಗೆ ಮಾತ್ರ ಬರುತ್ತಿರಲಿಲ್ಲ. ಇಬ್ಬರೂ ಕೂತು ವಾಕ್ಯ ಕಟ್ಟಿದೆವು: “ಸರ್, ಈ ಪೇಶೆಂಟ್ ಎನೋಕ್ಸಾಪರಿನ್ ಫುಲ್ ಡೋಸಲ್ಲಿದಾರೆ. ಕ್ಲಿಯರೆನ್ಸ್ 24ಕ್ಕೆ ಇಳಿದಿದೆ. ಬ್ಲೀಡಿಂಗ್ ಆಗಬಹುದು ಅಂತ ನನಗೆ ಆತಂಕ. ಸಂಜೆ ಇಂಜೆಕ್ಷನ್‌ಗೆ ಮುಂಚೆ ಡೋಸ್ ಇಳಿಸಬೇಕು.” ಜೋರಾಗಿ ಹೇಳಿಸಿದೆ. ಪ್ರತಿ ಸಲವೂ ಕೊನೆಗೆ “ಸುಮ್ನೆ ಗಮನಕ್ಕೆ ತಂದೆ ಸರ್” ಎಂದು ಸೇರಿಸುತ್ತಿದ್ದರು! ಆ ಬಾಲ ಕತ್ತರಿಸಲಿಕ್ಕೇ ಜಾಸ್ತಿ ಹೊತ್ತು ಹಿಡಿಯಿತು.

ಆಗಲೂ ಕೇಳದಿದ್ದರೆ? ಎರಡನೇ ಸಲ ಹೇಳಿ, ಆಮೇಲೆ ಮೇಲಿನವರಿಗೆ ತಿಳಿಸಿ ಎಂದೆ. ಆಸ್ಪತ್ರೆ ಸಿಬ್ಬಂದಿಗೆ ತಂಡವಾಗಿ ಕೆಲಸ ಮಾಡುವುದನ್ನು ಕಲಿಸಲು 2006ರಲ್ಲಿ ಅಮೆರಿಕದಲ್ಲಿ ಶುರುವಾದ ‘ಟೀಮ್‌ಸ್ಟೆಪ್ಸ್’ ತರಬೇತಿಯಲ್ಲಿ ಇದು ನಿಯಮವೇ. ಅದು ಚಾಡಿ ಅಲ್ಲ. ಸಿಸ್ಟರಿಗೆ ನೇರವಾಗಿ ಹೇಳಿ, ಹೇಳಿದ್ದನ್ನು ಅವರಿಂದ ತಿರುಗಿ ಹೇಳಿಸಿಕೊಳ್ಳಿ ಎಂದೂ ಸೇರಿಸಿದೆ. ರಾಜೀನಾಮೆಯನ್ನು ನಿದ್ದೆ ಸರಿಹೋಗುವ ತನಕ ಮುಂದೂಡಿಸಿದೆ.

ಇಷ್ಟಾದರೂ ಎಲ್ಲವನ್ನೂ ಇವರ ತಲೆಗೇ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಟಿಪ್ಪಣಿ ಚಾರ್ಟಿನಲ್ಲೇ ಕಾಣುವಂತೆ ಮಾಡಬೇಕಾದದ್ದು ಆಸ್ಪತ್ರೆ. ಒಬ್ಬರು ಚೆನ್ನಾಗಿ ಮಾತಾಡಲು ಕಲಿತರೆ ಆ ಕೊರತೆ ತುಂಬುವುದಿಲ್ಲ. ಅದನ್ನು ಮುಖ್ಯಸ್ಥರಿಗೆ ಬರೆದು ಕೊಡಲು ಹೇಳಿದೆ, ಕೊಟ್ಟರು.

ಮುಂದಿನ ಭೇಟಿಗಳಲ್ಲಿ ಸುದ್ದಿ ಮಿಶ್ರವಾಗಿತ್ತು. ಒಂದು ಸಲ ಡಾಕ್ಟರು ನಿಂತು ಕೇಳಿ ಡೋಸ್ ಬದಲಿಸಿದರು. ಇನ್ನೊಮ್ಮೆ ಒಪ್ಪಲಿಲ್ಲ, ಆದರೆ ಕಾರಣ ಹೇಳಿದರು. ಅದು ಸರಿಯಾಗಿಯೇ ಇತ್ತಂತೆ. ಸಿಸ್ಟರ್ ಈಗ ಅನುಮಾನ ಬಂದರೆ ತಾವೇ ಫೋನ್ ಮಾಡುತ್ತಾರೆ. “ನೋಡ್ಕೋಬೇಕಿತ್ತು” ಎಂದವರು ಯಾರೆಂದು ಇವರಿಗೆ ಇನ್ನೂ ಗೊತ್ತಾಗಿಲ್ಲ. ಆ ನೋವು ಹಾಗೇ ಇದೆ. ಸದ್ಯಕ್ಕೆ ಅದರ ಬಗ್ಗೆಯೇ ಮಾತಾಡುತ್ತಿದ್ದೇವೆ.