ನಿಮ್ಮ ವಾದ್ಯ ಏಳು ಸಲ ಅತ್ತಿದೆ

ನಮಸ್ಕಾರ. ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನಿನಲ್ಲಿ ದಕ್ಷಿಣ ಚೀನಾದ ಹಾಡುನಾಟಕವಾದ ಕ್ಯಾಂಟನೀಸ್ ಒಪೆರಾಕ್ಕೆ ಗಾವೊಹು ಎಂಬ ಎರಡು ತಂತಿಯ ಕಮಾನು ವಾದ್ಯ ನುಡಿಸುವ ಅಜ್ಜನ ಬಗ್ಗೆ ನೀವು ಕಳಿಸಿದ ಬರಹ ಓದಿದೆ. ಭಾಷೆ ಸಲೀಸಾಗಿದೆ. ಅವರು ಹೋಟೆಲಿನಲ್ಲಿ ಪಾತ್ರೆ ತೊಳೆದ ದಿನಗಳ ಭಾಗ ಚೆನ್ನಾಗಿದೆ. ಇನ್ನು ನನ್ನ ಸಿಟ್ಟಿನ ವಿಷಯಕ್ಕೆ ಬರುತ್ತೇನೆ.

ಆರು ಪುಟದಲ್ಲಿ ಆ ವಾದ್ಯ ಏಳು ಸಲ ಅಳುತ್ತದೆ. ಪೆನ್ಸಿಲ್ ಹಿಡಿದು ಎಣಿಸಿದೆ. ಮೊದಲ ಪುಟದ ಸಾಲು ನೋಡಿ: 'ಪಿಟೀಲಿನಂಥ ಆ ಪುರಾತನ ವಾದ್ಯ ತಾಯ್ನಾಡಿಗಾಗಿ ಬಿಕ್ಕಿತು.'

ಪಿಟೀಲಿನಂಥ? ಕ್ಯಾಂಟನೀಸ್ ಮೇಳಕ್ಕೆ ನಿಜವಾದ ಪಿಟೀಲೇ ಬಂದು ಎಷ್ಟೋ ಕಾಲವಾಯಿತು. ಅದಕ್ಕೆ 'ಫಾನ್‌ಲಿಂಗ್' ಅಂತ ಅವರದೇ ಹೆಸರಿದೆ. ಸ್ಯಾಕ್ಸೋಫೋನೂ ಇರುತ್ತದೆ. ಅಜ್ಜನ ಪಕ್ಕದಲ್ಲೇ ಒಬ್ಬರು ಪಿಟೀಲು ಹಿಡಿದು ಕೂತಿದ್ದರೆ ನಿಮ್ಮ ಹೋಲಿಕೆ ಏನಾಗಬೇಕು?

ಪುರಾತನ? ಗಾವೊಹು ಹುಟ್ಟಿದ್ದೇ 1920ರ ದಶಕದಲ್ಲಿ. ಲೂ ವೆನ್‌ಚೆಂಗ್ ಎಂಬ ಸಂಗೀತಗಾರ ಎರ್ಹು ಎಂಬ ಹಳೆಯ ಚೀನೀ ಕಮಾನು ವಾದ್ಯದ ರೇಷ್ಮೆ ತಂತಿಯ ಜಾಗಕ್ಕೆ ಉಕ್ಕಿನ ತಂತಿ ತಂದರು, ಶ್ರುತಿ ಏರಿಸಿದರು, ವಾದ್ಯವನ್ನು ಎರಡು ಮಂಡಿಗಳ ನಡುವೆ ಇಟ್ಟು ನುಡಿಸಿದರು. ನಮ್ಮ ಅಜ್ಜಂದಿರ ವಯಸ್ಸಿನ ವಾದ್ಯ ಅದು.

ಬಿಕ್ಕಿತು? ಆಗ ರಂಗದ ಮೇಲೆ ಏನು ನಡೀತಿತ್ತು ಅಂತ ನೀವು ಹೇಳಿಯೇ ಇಲ್ಲ. ಹಾಸ್ಯದ ಸನ್ನಿವೇಶವಾಗಿದ್ದರೆ?

ಇಷ್ಟು ಕೆದಕುವುದಕ್ಕೆ ಕಾರಣವಿದೆ. ನಾನು ವಾರಪತ್ರಿಕೆಗೆ ಸೇರಿದ ಹೊಸತರಲ್ಲಿ ಕಂಪನಿ ನಾಟಕದ ಹಾರ್ಮೋನಿಯಂ ಮಾಸ್ತರರ ಬಗ್ಗೆ ಬರೆದಿದ್ದೆ. 'ನಾದಲೋಕದಲ್ಲಿ ತೇಲಿಸಿದರು' ಅಂತೆಲ್ಲ. ಹಿರಿಯ ಉಪಸಂಪಾದಕರು ಓದಿ, "ತಿದಿ ಯಾವ ಕೈಯಲ್ಲಿ ಒತ್ತುತ್ತಿದ್ದರಪ್ಪಾ?" ಅಂದರು. "ಎಡಗೈ ಸಾರ್" ಅಂದೆ. "ಅದು ಲೆಗ್ ಹಾರ್ಮೋನಿಯಂ ಕಣಯ್ಯಾ, ಕಾಲಲ್ಲಿ ತುಳೀತಾರೆ." ಮೂರು ಗಂಟೆ ಮುಂದಿನ ಸಾಲಿನಲ್ಲೇ ಕೂತಿದ್ದೆ. ಕಾಲು ನೋಡಿರಲಿಲ್ಲ. ಇವತ್ತಿಗೂ ನೆನಪಾದರೆ ಕಿವಿ ಬಿಸಿಯಾಗುತ್ತದೆ.

ಇನ್ನೊಂದು ಸಾಲು: 'ಅನ್ಯನೆಲದಲ್ಲಿ ಈ ಕಲೆಯ ಮೊದಲ ಬೀಜ ಬಿತ್ತಿದವರು ಇವರೇ.' ಅಜ್ಜ ಬಂದದ್ದು 1969ರಲ್ಲಿ ಅಂತ ನೀವೇ ಬರೆದಿದ್ದೀರಿ. 1852ರಲ್ಲೇ 123 ಜನರ ಮೇಳವೊಂದು ಆ ಊರಿಗೆ ಬಂದು ಆಟ ಆಡಿತ್ತು. 1882ರ ಅಮೆರಿಕದ ಕಾನೂನು ಚೀನೀ ಕೂಲಿಕಾರರು ದೇಶದೊಳಗೆ ಬರುವುದನ್ನು ತಡೆಯಿತು, ಆದರೂ ಒಪೆರಾ ಸಾಯಲಿಲ್ಲ. 1924ರಲ್ಲಿ ಮ್ಯಾಂಡರಿನ್ ಥಿಯೇಟರ್, ಅದರ ಬೆನ್ನಿಗೇ ಗ್ರೇಟ್ ಚೈನಾ ಥಿಯೇಟರ್ ಎದ್ದವು. ಎರಡಕ್ಕೂ ಜೋರು ಪೈಪೋಟಿ. ನಿಮ್ಮ ಅಜ್ಜ ಬರುವ ಹೊತ್ತಿಗೆ ಮ್ಯಾಂಡರಿನ್ ಸಿನಿಮಾ ಟಾಕೀಸ್ ಆಗಿತ್ತು. ಒಪೆರಾ ನುಡಿಸುವ ಮನುಷ್ಯ, ಒಪೆರಾ ಬಿಟ್ಟ ಥಿಯೇಟರಿನ ಮುಂದೆ ದಿನಾ ನಡೆದು ಹೋಟೆಲಿನ ಕೆಲಸಕ್ಕೆ ಹೋಗಿರಬಹುದು, ಅಲ್ವಾ? ಕೇಳಿದಿರಾ ಅವರನ್ನು?

ನಾಲ್ಕನೇ ಪುಟದಲ್ಲಿ ಒಂದು ಸಾಲಿದೆ: 'ನುಡಿಸಿ ಎದ್ದಾಗ ಪ್ಯಾಂಟಿನ ಮಂಡಿಯ ಮೇಲೆ ರಾಳದ ಬಿಳಿ ಪುಡಿ.' ಇದು ಕಣ್ಣಾರೆ ಕಂಡದ್ದು. ಅಂದರೆ ನಿಮಗೆ ನೋಡಲು ಬರುತ್ತದೆ, ಸುಮ್ನೆ ಸೋಮಾರಿತನ ಮಾಡಿದ್ದೀರಿ.

ಇನ್ನೊಮ್ಮೆ ಹೋಗಿ. ನಮ್ಮಲ್ಲಿ ಭಾಗವತರು ಆಟ ನಡೆಸುವ ಹಾಗೆ ಅಲ್ಲಿ ತಾಳದ ಮುಖ್ಯಸ್ಥ ಕೈಸನ್ನೆಯಲ್ಲೇ ಮೇಳ ನಡೆಸುತ್ತಾನೆ. ಅಜ್ಜನ ಕಣ್ಣು ಆ ಕೈಯ ಮೇಲಿರುತ್ತದಾ, ಹಾಡುವವರ ತುಟಿಯ ಮೇಲಿರುತ್ತದಾ ನೋಡಿ. ಅಷ್ಟನ್ನೇ ಎರಡು ಪುಟದಲ್ಲಿ ಬರೆದು ಕಳಿಸಿ. ಏಳು ಅಳುವಿನಲ್ಲಿ ಒಂದನ್ನು ಇಟ್ಟುಕೊಳ್ಳಿ, ಬೇಡ ಅನ್ನಲ್ಲ.