ಮೀನಿನ ಡಿಎನ್‌ಎ ನೋಡಿ ಮನುಷ್ಯರ ಜೀನ್ ಸ್ವಿಚ್ ಹುಡುಕಬಹುದಾ?

ಮೀನು, ಇಲಿ, ಮನುಷ್ಯರ ಡಿಎನ್‌ಎ ಪಕ್ಕಪಕ್ಕ ಇಟ್ಟು ನೋಡಿದರೆ ಜೀನ್‌ಗಳ ಸ್ವಿಚ್ (ಜೀನನ್ನು ಆನ್ ಅಥವಾ ಆಫ್ ಮಾಡುವ ಡಿಎನ್‌ಎ ತುಂಡು) ಸಿಗುತ್ತಂತೆ, ನಿಜವಾ ಅಂತ ಕೇಳಿದ್ದೀರಿ. ಸ್ವಿಚ್ ಇರಬಹುದಾದ ಜಾಗ ಸಿಗುತ್ತದೆ. ಅದು ಸ್ವಿಚ್ಚೇ ಹೌದಾ ಅನ್ನೋದನ್ನು ಲ್ಯಾಬಿನಲ್ಲೇ ನೋಡಬೇಕು.

ನಮ್ಮ ಡಿಎನ್‌ಎಯಲ್ಲಿ ಪ್ರೋಟೀನ್‌ಗೆ ಬೇಕಾದ ಭಾಗ ಶೇ. 2ಕ್ಕಿಂತ ಕಡಿಮೆ. ಉಳಿದ ಕಡೆ ಡಿಎನ್‌ಎಯ ಅಕ್ಷರಗಳು (ಎ, ಸಿ, ಜಿ, ಟಿ ಎಂಬ ಘಟಕಗಳು) ಬದಲಾದರೂ ಬಹಳಷ್ಟು ಸಲ ಏನೂ ಆಗುವುದಿಲ್ಲ. ಆದರೆ ಫುಗು ಮೀನಿಗೂ ನಮಗೂ ದಾರಿ ಬೇರೆಯಾಗಿ 40 ಕೋಟಿ ವರ್ಷಕ್ಕೂ ಜಾಸ್ತಿ ಆಗಿದೆ. ಇಷ್ಟಾದರೂ ಜೀನ್ ಅಲ್ಲದ ಒಂದು ತುಂಡು ಇಬ್ಬರಲ್ಲೂ ಹೆಚ್ಚುಕಡಿಮೆ ಹಾಗೇ ಉಳಿದಿದ್ದರೆ, ಅದನ್ನು ಕೆಡಿಸಿಕೊಂಡ ಜೀವಿಗಳು ಬಾಳಲಿಲ್ಲ ಅಂತ ಊಹಿಸಬಹುದು. ಚಿಂಪಾಂಜಿ ಜೊತೆ ಮಾತ್ರ ಹೋಲಿಸಿದರೆ ಪ್ರಯೋಜನ ಕಡಿಮೆ, ಎಲ್ಲವೂ ಒಂದೇ ಥರ ಕಾಣುತ್ತದೆ.

ನನ್ನ ಮೆಚ್ಚಿನ ಉದಾಹರಣೆ ಝೆಡ್‌ಆರ್‌ಎಸ್. ಭ್ರೂಣದಲ್ಲಿ ಕೈಕಾಲು ಮೂಡುವಾಗ ಸಾನಿಕ್ ಹೆಡ್ಜ್‌ಹಾಗ್ ಜೀನನ್ನು (ಹೌದು, ಆ ವಿಡಿಯೋ ಗೇಮ್ ಹೆಸರೇ!) ಆನ್ ಮಾಡುವ ಸ್ವಿಚ್ ಇದು. ಇರುವುದು ಸುಮಾರು 10 ಲಕ್ಷ ಅಕ್ಷರ ದೂರದಲ್ಲಿ, ಎಲ್‌ಎಂಬಿಆರ್1 ಎಂಬ ಬೇರೆ ಜೀನಿನ ಹೊಟ್ಟೆಯೊಳಗೆ. ಇದರಲ್ಲಿ ಒಂದೇ ಅಕ್ಷರ ಬದಲಾಗಿ ಹೆಬ್ಬೆರಳಿನ ಪಕ್ಕ ಇನ್ನೊಂದು ಬೆರಳು ಬಂದವರಿದ್ದಾರೆ. 2016ರಲ್ಲಿ ಇಲಿಯ ಝೆಡ್‌ಆರ್‌ಎಸ್ ತೆಗೆದು ಹಾವಿನದ್ದನ್ನು ಹಾಕಿದರು. ಕಾಲುಗಳು ಮೊಟಕಾದವು. ಮೀನಿನದ್ದನ್ನು ಹಾಕಿದಾಗ ಮಾತ್ರ ಸರಿಯಾಗಿಯೇ ಬೆಳೆದವು! ಹಾವಿನ ತುಂಡಿನಲ್ಲಿ ಕಳೆದುಹೋಗಿದ್ದ 17 ಅಕ್ಷರಗಳನ್ನು ಮತ್ತೆ ಸೇರಿಸಿದರೆ, ಅದೂ ಕೆಲಸ ಮಾಡಿತು.

ಎಲ್ಲ ಕಡೆ ಇಷ್ಟು ಚೆನ್ನಾಗಿ ಹೊಂದುವುದಿಲ್ಲ. 2006ರಲ್ಲಿ ಹೀಗೆ ಆರಿಸಿದ 167 ತುಂಡುಗಳನ್ನು ಇಲಿ ಭ್ರೂಣದಲ್ಲಿ ಪರೀಕ್ಷಿಸಿದಾಗ ಶೇ. 45 ಮಾತ್ರ ಸ್ವಿಚ್‌ನಂತೆ ವರ್ತಿಸಿದವು. ನೋಡಿದ್ದು ಬೆಳವಣಿಗೆಯ ಒಂದೇ ಹಂತದಲ್ಲಿ, ಹಾಗಾಗಿ ಉಳಿದವು ಸುಳ್ಳು ಅಂತಲ್ಲ. ವಿಚಿತ್ರ ಅಂದರೆ 2007ರ ಪ್ರಯೋಗ. ಮನುಷ್ಯ, ಇಲಿ, ಹೆಗ್ಗಣದ ಜಾತಿಯ ರ್‍ಯಾಟ್, ಮೂರರಲ್ಲೂ ಒಂದಕ್ಷರವೂ ಬದಲಾಗದ ನಾಲ್ಕು ತುಂಡುಗಳನ್ನು ಒಂದೊಂದಾಗಿ ಇಲಿಗಳಿಂದ ಅಳಿಸಿದರೂ ಅವು ಆರಾಮಾಗಿ ಬದುಕಿ ಮರಿ ಹಾಕಿದವು. ಇನ್ನೊಂದು ಕಡೆ, ಹೃದಯದ ಸ್ವಿಚ್‌ಗಳಲ್ಲಿ ಅನೇಕವು ಪ್ರಾಣಿಯಿಂದ ಪ್ರಾಣಿಗೆ ಅಷ್ಟಾಗಿ ಹೋಲುವುದೇ ಇಲ್ಲ. ಹೋಲಿಕೆ ಇಲ್ಲ ಅಂತ ಬಿಟ್ಟರೆ ಅವು ತಪ್ಪಿಹೋಗುತ್ತವೆ. ಅದಕ್ಕೇ ಈಗ ಹೋಲಿಕೆಯ ಜೊತೆಗೆ, ಆಯಾ ಅಂಗದ ಜೀವಕೋಶದಲ್ಲಿ ಡಿಎನ್‌ಎಯ ಯಾವ ಭಾಗ ತೆರೆದುಕೊಂಡಿದೆ ಅಂತಲೂ ನೋಡುತ್ತಾರೆ.

ನೀವೇ ನೋಡಬೇಕಾ? ಜೀವಿಗಳ ಡಿಎನ್‌ಎ ತೋರಿಸುವ ವೆಬ್‌ಸೈಟ್ ಯುಸಿಎಸ್‌ಸಿ ಜೀನೋಮ್ ಬ್ರೌಸರ್ ಉಚಿತ. ಎಲ್‌ಎಂಬಿಆರ್1ನ 5ನೇ ಇಂಟ್ರಾನ್‌ಗೆ (ಜೀನಿನೊಳಗಿದ್ದೂ ಪ್ರೋಟೀನ್‌ಗೆ ಬಳಕೆಯಾಗದ ಭಾಗ, ಝೆಡ್‌ಆರ್‌ಎಸ್ ಇರುವುದು ಇಲ್ಲೇ) ಹೋಗಿ, 100 ಕಶೇರುಕಗಳ ಹೋಲಿಕೆಯ ಟ್ರ್ಯಾಕ್ ಆನ್ ಮಾಡಿ.