ಅನಿಶಿನಾಬೆ ನುಡಿ ಉಳಿಯಲು ಸ್ವಯಮಾಡಳಿತ ಏಕೆ ಬೇಕು?

ಕೆನಡಾ ಮತ್ತು ಅಮೆರಿಕದ ಮೂಲನಿವಾಸಿಗಳಾದ ಅನಿಶಿನಾಬೆ ಜನರು ತಮ್ಮ ನುಡಿಯನ್ನು ಶಾಲೆಗಳಲ್ಲಿ ಕಲಿಸಿದರೆ ಸಾಲದೇ, ಅದಕ್ಕೆ ಸ್ವಯಮಾಡಳಿತವೇ ಏಕೆ ಬೇಕು ಎಂದು ತಾವು ಕೇಳಿದ್ದೀರಿ. ನಾನು ಆ ಸಮುದಾಯದವನಲ್ಲ. ಕೆನಡಾದ ನಾರ್ತ್ ಬೇ ನಗರದಲ್ಲಿ ಕೆಲವು ವರ್ಷ ನೆಲೆಸಿದ್ದಾಗ ನೆರೆಯ ನಿಪಿಸಿಂಗ್ ಸಮುದಾಯದ ಹಿರಿಯರೊಬ್ಬರಿಂದ ‘ಆನೀ’ ಎಂಬ ನಮಸ್ಕಾರವನ್ನೂ ‘ಮೀಗ್ವೆಚ್’ ಎಂಬ ಕೃತಜ್ಞತೆಯ ಮಾತನ್ನೂ ಕಲಿತು, ಅಂದಿನಿಂದ ಆಸಕ್ತಿಯಿಂದ ಓದುತ್ತ ಬಂದವನು. ಶಾಲೆಯೊಂದೇ ಸಾಲದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ನುಡಿ ತಾನಾಗಿ ಸೊರಗಿದ್ದಲ್ಲ. ಮುಖಂಡರನ್ನು ಹೇಗೆ ಆರಿಸಬೇಕು, ಸಮುದಾಯಕ್ಕೆ ಸೇರಿದವರು ಯಾರು ಎಂಬುದನ್ನು ನಿರ್ಧರಿಸುವ ಹಕ್ಕನ್ನು ಮೂಲನಿವಾಸಿಗಳ ಕುರಿತು 1876ರಲ್ಲಿ ಬಂದ ‘ಇಂಡಿಯನ್ ಆಕ್ಟ್’ ಎಂಬ ಕಾನೂನು ಕೆನಡಾ ಸರ್ಕಾರದ ಕೈಗೆ ಕೊಟ್ಟಿತು. ಮಕ್ಕಳನ್ನು ಮನೆಯಿಂದ ವಸತಿ ಶಾಲೆಗಳಿಗೆ ಒಯ್ದರು. ಅಲ್ಲಿ ಮನೆಮಾತು ಆಡಿದ ಮಕ್ಕಳಿಗೆ ದಂಡನೆಯಾಗುತ್ತಿತ್ತು. ಇದು ಬಹಳ ಜನರಿಗೆ ತಿಳಿದಿದೆ. ಅಷ್ಟಾಗಿ ತಿಳಿಯದ ಇನ್ನೊಂದು ಸಂಗತಿಯೆಂದರೆ, ಹೊರಗಿನವರನ್ನು ಮದುವೆಯಾದ ಹೆಂಗಸರು 1985ರ ತಿದ್ದುಪಡಿಯವರೆಗೂ ಮೂಲನಿವಾಸಿ ಎಂಬ ತಮ್ಮ ಕಾನೂನುಬದ್ಧ ಸ್ಥಾನವನ್ನೇ ಕಳೆದುಕೊಳ್ಳುತ್ತಿದ್ದರು. ಹೊರಗಿನ ಹೆಣ್ಣನ್ನು ತಂದ ಗಂಡಸರಿಗೆ ಆ ನಷ್ಟವಿರಲಿಲ್ಲ. ತಾಯಿಯನ್ನೇ ಸರ್ಕಾರದ ಪಟ್ಟಿಯಿಂದ ಹೊರಗಿಟ್ಟ ಮೇಲೆ ಮಗುವಿಗೆ ತಾಯ್ನುಡಿ ಎಲ್ಲಿಂದ ಬರಬೇಕು?

ಆದ್ದರಿಂದ 2022ರ ಅಕ್ಟೋಬರ್ 1ರಂದು ಜಾರಿಗೆ ಬಂದ ಅನಿಶಿನಾಬೆಕ್ ನೇಷನ್ (ಅನಿಶಿನಾಬೆ ಸಮುದಾಯಗಳ ಒಕ್ಕೂಟ) ಆಡಳಿತ ಒಪ್ಪಂದವನ್ನು ನಾನು ಭಾಷೆಯ ಒಪ್ಪಂದವೆಂದೇ ಓದುತ್ತೇನೆ. ಅದರಂತೆ ನಿಪಿಸಿಂಗ್ ಸೇರಿ ಐದು ಸಮುದಾಯಗಳು ಮುಖಂಡರ ಆಯ್ಕೆ, ಪೌರತ್ವ, ಆಡಳಿತ ನಿರ್ವಹಣೆ, ಭಾಷೆ ಮತ್ತು ಸಂಸ್ಕೃತಿ ಈ ವಿಷಯಗಳಲ್ಲಿ ತಾವೇ ಕಾನೂನು ಮಾಡಿಕೊಳ್ಳಬಹುದು. ಅಲ್ಲಿ ಪೌರರನ್ನು ‘ಎದ್ಬೆಂದಾಗ್ಜಿಜಿಗ್’ ಎನ್ನುತ್ತಾರೆ. ‘ಇಲ್ಲಿಗೆ ಸೇರಿದವರು’ ಎಂದು ಅದರ ಅರ್ಥ. ನಮ್ಮವರು ಯಾರು ಎಂಬ ಪ್ರಶ್ನೆಗೆ ಸರ್ಕಾರದ ದಾಖಲೆ ಪುಸ್ತಕದ ಬದಲು ಆ ನುಡಿಯೇ ಉತ್ತರ ಹೇಳುವಂತಾದದ್ದು ಸಣ್ಣ ಮಾತಲ್ಲ.

ಶಾಲೆಯ ವಿಷಯಕ್ಕೂ ಬರುತ್ತೇನೆ. ಕೆನಡಾದ ಒಂಟಾರಿಯೊ ಪ್ರಾಂತ್ಯದ 23 ಅನಿಶಿನಾಬೆ ಸಮುದಾಯಗಳು 2018ರ ಏಪ್ರಿಲ್‌ನಿಂದ ತಮ್ಮ ಶಿಕ್ಷಣ ವ್ಯವಸ್ಥೆಯನ್ನು ತಾವೇ ನಡೆಸುತ್ತಿವೆ. ಇದು ಏಕೆ ಮುಖ್ಯವೆಂದರೆ, ಈ ನುಡಿ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ. ಪಶ್ಚಿಮ ಭಾಗದ ಅನಿಶಿನಾಬೆಗಳು ‘ಮಕಿಜಿನ್’ ಎನ್ನುವ ಪಾದರಕ್ಷೆ ಪೂರ್ವದವರ ಬಾಯಲ್ಲಿ ಸ್ವರ ಕಳೆದುಕೊಂಡು ‘ಮ್ಕಿಜಿನ್’ ಆಗುತ್ತದೆ. ದೂರದ ಕಚೇರಿಯೊಂದು ಎಲ್ಲರಿಗೂ ಒಂದೇ ಪಠ್ಯ ಕಳುಹಿಸಿದರೆ ಮಗು ತನ್ನ ಅಜ್ಜಿಯ ಮಾತೇ ತಪ್ಪೆಂದು ಭಾವಿಸೀತು.

ನುಡಿಯ ಜೊತೆಗೆ ಹೋಗುವುದೇನು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಕನ್ನಡದಲ್ಲಿ ಮನುಷ್ಯನನ್ನು ಕಂಡರೂ ದೋಣಿಯನ್ನು ಕಂಡರೂ ‘ಕಂಡೆ’ ಎಂಬ ಒಂದೇ ಕ್ರಿಯಾಪದ ಸಾಕು. ಅವರಲ್ಲಿ ದೋಣಿಯನ್ನು ಕಂಡರೆ ‘ನಿವಾಬಂದಾನ್’, ಮನುಷ್ಯನನ್ನು ಕಂಡರೆ ‘ನಿವಾಬಮಾ’. ಮತ್ತು ಕಲ್ಲನ್ನು ಕಂಡರೂ ‘ನಿವಾಬಮಾ’ ಎಂದೇ ಹೇಳಬೇಕು, ಏಕೆಂದರೆ ಅವರ ವ್ಯಾಕರಣದಲ್ಲಿ ‘ಅಸಿನ್’, ಅಂದರೆ ಕಲ್ಲು, ಸಜೀವ ವರ್ಗಕ್ಕೆ ಸೇರಿದ್ದು. ಈ ಭೇದವನ್ನು ಪದಪಟ್ಟಿ ಬಾಯಿಪಾಠ ಮಾಡಿಸಿ ಕಲಿಸಲಾಗದು, ದಿನವಿಡೀ ಕಿವಿಗೆ ಬೀಳಬೇಕು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಲಾಕ್ ಕೂರ್ಟ್ ಓರೇ ಸಮುದಾಯದ ವಾಡೂಕೊಡಾಡಿಂಗ್ ಶಾಲೆ ಗಣಿತವನ್ನೂ ವಿಜ್ಞಾನವನ್ನೂ ಆ ನುಡಿಯಲ್ಲಿಯೇ ಕಲಿಸುತ್ತಿರುವುದು ಇದಕ್ಕಾಗಿಯೇ.

ಕಾನೂನು ತಾನೇ ಮಾತುಗಾರರನ್ನು ಹುಟ್ಟಿಸುವುದಿಲ್ಲ, ನಿಜ. ಸರಾಗವಾಗಿ ಮಾತಾಡುವವರಲ್ಲಿ ಹೆಚ್ಚಿನವರು ವಯಸ್ಸಾದವರು. ಅವರನ್ನು ಅಂಗನವಾಡಿಯ ವಯಸ್ಸಿನ ಮಕ್ಕಳ ಪಕ್ಕದಲ್ಲಿ ಕೂರಿಸಲು, ಆ ಕೆಲಸಕ್ಕೆ ಸಂಬಳ ಕೊಡಲು, ಪದವಿಪತ್ರವಿಲ್ಲದಿದ್ದರೂ ಅವರನ್ನು ಗುರುಗಳೆಂದು ಒಪ್ಪಲು ಯಾರ ಅಪ್ಪಣೆಗೂ ಕಾಯಬೇಕಿಲ್ಲದ ಅಧಿಕಾರ ಆ ಸಮುದಾಯದ ಕೈಯಲ್ಲಿರಬೇಕು.